ಕಡ ತಂದ ಮೂರು ಮುಖ

ಬಾಳಕೃಷ್ಣರಾಯರಿಗೆ ಒಂದು ಶಾಲು ಬೇಕಾಗಿತ್ತು. ಹೊದ್ದು ಮಲಗುವುದಕ್ಕಲ್ಲ, ಗೋವೆಯ ಸೆಕೆಯಲ್ಲಿ ಶಾಲು ಹೊದೆಯುವವನನ್ನು ಮೊದಲು ಡಾಕ್ಟರಿಗೆ ತೋರಿಸಬೇಕು. ಅವರಿಗೆ ಬೇಕಾಗಿದ್ದುದು ವೇದಿಕೆಯ ಮೇಲೆ, ಮೈಕಿನ ಪಕ್ಕದಲ್ಲಿ, ಫೋಟೋದವನು "ಇನ್ನೊಮ್ಮೆ ಹೊಚ್ಚರ್ರಿ ಸರ್, ಚಲೋ ಬಂದಿಲ್ಲ" ಎಂದು ಕೂಗುತ್ತಿರುವಾಗ ಹೆಗಲ ಮೇಲೆ ಬೀಳುತ್ತದಲ್ಲ, ಆ ಶಾಲು.

ಧಾರವಾಡ ಬಿಟ್ಟು ಬಂದು ವಾಸ್ಕೋ ಕಡೆಯ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಸೂಪರಿಂಟೆಂಡೆಂಟರಾಗಿದ್ದ ರಾಯರು, ಬಂದಂದಿನಿಂದಲೂ ಝುವಾರಿ ದಂಡೆ ಕನ್ನಡ ಬಳಗದ ಕಾರ್ಯಕಾರಿ ಸಮಿತಿಯಲ್ಲಿದ್ದರು. ವರ್ಷಕ್ಕೊಂದು ರಾಜ್ಯೋತ್ಸವ, ರಾಜ್ಯೋತ್ಸವಕ್ಕೊಂದು ಸನ್ಮಾನ. ಶಾಲು ಆರಿಸಿ ತರುವವರು ರಾಯರು, ಹಣ್ಣಿನ ಬುಟ್ಟಿ ಕಟ್ಟಿಸುವವರು ರಾಯರು, ಸನ್ಮಾನಪತ್ರ ಬರೆಯುವವರಂತೂ ರಾಯರೇ. "ಹೇ ದಾನಶೂರ, ಹೇ ದೀನಬಂಧು" ಎಂದು ಅವರು ಬರೆದದ್ದನ್ನು ವೇದಿಕೆಯ ಮೇಲೆ ಓದಿದರೆ, ಮರಳು ಲಾರಿಯ ಮಾಲೀಕರು ಕೂಡ ತಾವು ಇಷ್ಟು ದೊಡ್ಡವರೆಂದು ಇಷ್ಟು ದಿನ ಗೊತ್ತೇ ಇರಲಿಲ್ಲವಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಗೆ ಅತ್ತವರೆಲ್ಲ ಶಾಲು ಹೊದ್ದು ಕಾರು ಹತ್ತಿ ಹೋದರು. ರಾಯರು ಮಾತ್ರ ಪ್ರತಿ ವರ್ಷ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ಮಂಟಪದವನಿಗೆ ಒಪ್ಪಿಸಿ, ಬರಿಯ ಹೆಗಲಲ್ಲಿ ಮನೆಗೆ ಬರುತ್ತಿದ್ದರು.

ಈ ವರ್ಷ ಅವಕಾಶ ತಾನಾಗಿ ಬಂತು. ಬಳಗದ ಅಧ್ಯಕ್ಷ ಪರಮಣ್ಣ ಟ್ರಕ್ಕುಗಳ ಧಣಿ. ಮಾತು ನೇರ, ಧ್ವನಿ ಅದಕ್ಕಿಂತ ನೇರ. ಸಭೆಯಲ್ಲಿ ಟೇಬಲ್ ಗುದ್ದಿ ಅಪ್ಪಣೆ ಕೊಡಿಸಿದರು: "ಉದ್ಯಮಿ ಆದ್ರು, ಡಾಕ್ಟರ್ ಆದ್ರು, ಸಮಾಜಸೇವಕರಂತೂ ಮುಗದ ಹೋದ್ರು. ಈ ಸಲ ಕಲಾವಿದರಿಗೆ ಶಾಲು ಹೊಚ್ಚೂನು. ನಮ್ಮಾಗ ಕಲಾವಿದ ಯಾರದಾರಪಾ?"

ರಾಯರು ಗಂಟಲು ಸರಿಮಾಡಿಕೊಂಡರು. "ಅಲ್ಲಾ... ನಾನು ಚಿತ್ರಾ ತಗೀತೇನಲ್ಲ."

ರಾಯರು ಕೊನೆಯದಾಗಿ ಚಿತ್ರ ತೆಗೆದದ್ದು ಶಾಲೆಯಲ್ಲಿ. ಅದು ಗಿಳಿ. ಮಾಸ್ತರರು ಅದನ್ನು ಬದನೆಕಾಯಿಯೆಂದು ತಿಳಿದು ಪೂರ್ತಿ ಅಂಕ ಕೊಟ್ಟಿದ್ದರು. ಆದರೆ ಅದನ್ನೆಲ್ಲ ಸಭೆಯಲ್ಲಿ ಹೇಳುವ ಅಗತ್ಯ ರಾಯರಿಗೆ ಕಾಣಲಿಲ್ಲ.

"ಭೇಷಾತು!" ಎಂದರು ಪರಮಣ್ಣ. "ನಿಮ್ಮದೊಂದು ದೊಡ್ಡ ಚಿತ್ರಾ ತಯಾರ ಮಾಡ್ರಿ. ನಾನು ಮನಿಗೆ ಬಂದು ಕಣ್ಣಾರೆ ನೋಡತೇನಿ. ಚಲೋ ಇತ್ತಂದ್ರ ಶಾಲು ನಿಮ್ಮದು."

ಮರುವಾರವೇ ರಾಯರು ಪಣಜಿಯಲ್ಲಿ ಭಾನುವಾರದ ಚಿತ್ರಕಲಾ ತರಗತಿಗೆ ಸೇರಿದರು. ಅಲ್ಲಿ ಅರ್ಧ ಜನ ವಿದೇಶಿಯರು, ಇನ್ನರ್ಧ ಜನ ವಿದೇಶಿಯರಂತೆ ಉಡುಪು ತೊಟ್ಟವರು, ನಡುವೆ ಇಸ್ತ್ರಿ ಮಾಡಿದ ಫುಲ್ ಶರ್ಟಿನಲ್ಲಿ ರಾಯರು. ಕಲಿಸುವ ಮೇಡಂ ಕಣ್ಣುಮುಚ್ಚಿ ಇಂಗ್ಲಿಷಿನಲ್ಲಿ ಹೇಳಿದರು: ಕನ್ನಡಿಯಲ್ಲಿ ಕಾಣುವ ಮುಖವನ್ನು ಯಾರಾದರೂ ಬರೆಯುತ್ತಾರೆ, ನೀವು ನಿಮ್ಮೊಳಗಿನ ಬೇರೆ ಬೇರೆ ಮುಖಗಳನ್ನು ಬರೆಯಿರಿ, ಬೆಳಕಿನವನ್ನೂ ಬರೆಯಿರಿ, ಕತ್ತಲೆಯವನ್ನೂ ಬರೆಯಿರಿ, ಧೈರ್ಯವಾಗಿ ಪ್ರಯೋಗ ಮಾಡಿ.

ಮೇಡಂ ಹೇಳಿದ್ದು ಇಂಗ್ಲಿಷಿನಲ್ಲಿಯಾದರೂ ರಾಯರಿಗೆ ಅದು ಅರ್ಥವಾದದ್ದು ಧಾರವಾಡದ ಮಠದ ಪ್ರವಚನದಲ್ಲಿ. ಕತ್ತಲೆಯ ಮುಖಗಳೆಂದರೆ ಇನ್ನೇನು, ಅರಿಷಡ್ವರ್ಗ! ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ಮನೆಗೆ ಬಂದು ಕ್ಯಾನ್ವಾಸು ನಿಲ್ಲಿಸಿ, ಎದುರಿಗೆ ಹೆಂಡತಿ ಸೀತಾಬಾಯಿಯ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿ ಇಟ್ಟುಕೊಂಡು ಕೂತರು. ಬೆಳಕಿನ ಮುಖಗಳು ಒಂದೇ ಪಟ್ಟಿಗೆ ಮುಗಿದವು. ಕರುಣೆ, ಪಾಂಡಿತ್ಯ, ತಾಳ್ಮೆ. ಕನ್ನಡಿಯಲ್ಲಿ ಅವು ಎದ್ದು ಕಾಣುತ್ತಿದ್ದವಂತೆ. ರಾಯರು ಬರಿದೇ ನಕಲು ಮಾಡಿಕೊಂಡರಂತೆ.

ತೊಡಕಾದದ್ದು ಕತ್ತಲೆಗೆ. ಕಾಮವನ್ನು ಬರೆಯಲು ಸೀತಾಬಾಯಿ ಒಪ್ಪುವಂತಿರಲಿಲ್ಲ. ಮೋಹಕ್ಕೆ ಕ್ಯಾನ್ವಾಸಿನಲ್ಲಿ ಜಾಗ ಸಾಲಲಿಲ್ಲ. ಮದವನ್ನು ಕನ್ನಡಿಯಲ್ಲಿ ಮುಖ ಅತ್ತ ತಿರುಗಿಸಿ ಇತ್ತ ತಿರುಗಿಸಿ ಹುಡುಕಿದರು. ನನ್ನಂಥ ಮನುಷ್ಯನಲ್ಲಿ ಅದು ಸಿಗುವುದಾದರೂ ಹೇಗೆ ಎಂದು ಕೈಬಿಟ್ಟರು. ಉಳಿದದ್ದು ಕ್ರೋಧ, ಲೋಭ, ಮತ್ಸರ. ಅವೂ ಸಿಗಲಿಲ್ಲ.

"ಸೀತಾ, ನನಗ ಎಂದಾರ ಸಿಟ್ಟು ಬಂದದ್ದು ನೋಡೀಯೇನು?"

ಹಿಂದಿನ ದಿನವಷ್ಟೇ ಚಟ್ನಿಗೆ ಉಪ್ಪು ಹೆಚ್ಚಾಯಿತೆಂದು ಹಾರಿದ ಬಟ್ಟಲನ್ನು ಸೀತಾಬಾಯಿ ಕಪಾಟಿನ ಕೆಳಗಿಂದ ಆಗಷ್ಟೇ ಎಳೆದು ತೆಗೆಯುತ್ತಿದ್ದರು. ಅದರ ಸೊಟ್ಟಾದ ಅಂಚನ್ನು ಸೆರಗಿನಿಂದ ಒರೆಸುತ್ತ, "ಅಯ್ಯ, ನಿಮಗೆಲ್ಲಿ ಸಿಟ್ಟುರೀ" ಎಂದರು.

ರಾಯರಿಗೆ ಇದು ದೊಡ್ಡ ಸಂಕಟವಾಯಿತು. ದುರ್ಗುಣವೇ ಇಲ್ಲದ ಮನುಷ್ಯ ಆತ್ಮಚಿತ್ರ ಬರೆಯುವುದು ಹೇಗೆ? ಮನೆಯಲ್ಲಿ ಒಂದು ಸಾಮಾನು ಇಲ್ಲದಿದ್ದರೆ ಪಕ್ಕದ ಮನೆಯಿಂದ ಕಡ ತರುವುದು ನಮ್ಮಲ್ಲಿ ನಡೆದುಬಂದ ರೂಢಿ. ರಾಯರು ಅದನ್ನೇ ಮಾಡಿದರು.

ಕ್ರೋಧವನ್ನು ಪರಮಣ್ಣನವರಿಂದ ತಂದರು; ಅವರು ಡ್ರೈವರನಿಗೆ ಬೈಯುತ್ತಿದ್ದಾಗ ಗೇಟಿನ ಮರೆಯಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದರು. ಲೋಭಕ್ಕೆ ದೂರ ಹೋಗಬೇಕಾಗಿರಲಿಲ್ಲ. ಹೆಂಡತಿಯ ತಮ್ಮ ವಾಮನ ಗೋಡಂಬಿ ಒಯ್ಯಲು ಬೆಳಗಾವಿಯಿಂದ ಒಂದು ಡಬ್ಬಿ ಕುಂದಾ, ಒಂದು ದೊಡ್ಡ ಖಾಲಿ ಚೀಲ ಹಿಡಿದು ಬಂದು ಮನೆಯಲ್ಲೇ ಉಳಿದಿದ್ದ. ತಾನೇ ತಂದ ಕುಂದಾವನ್ನು ತಾನೇ ತಿಂದು ಡಬ್ಬಿಯ ಮೂಲೆಗೆ ಬೆರಳು ಹಾಕುತ್ತಿದ್ದಾಗ ಸಿಕ್ಕಿಬಿದ್ದ. ಮತ್ಸರಕ್ಕೆ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಗಾಂವಕರ. ಕಾಣಕೋಣದ ಕೊಂಕಣಿಯವರು, ಒಳ್ಳೆಯ ಮನುಷ್ಯ, ಆದರೆ ಎದುರು ಮನೆಯವರ ಬಾಗಿಲಿಗೆ ಹೊಸ ಫ್ರಿಜ್ ಬಂದ ದಿನ ಅವರ ಮುಖ ಹೇಗಿತ್ತೆಂದು ಸೊಸೈಟಿಯಲ್ಲಿ ಎಲ್ಲರಿಗೂ ಗೊತ್ತು. ಹೀಗೆ ಒಂದು ಕುತ್ತಿಗೆಯ ಮೇಲೆ ಆರು ಮುಖಗಳು ನಿಂತವು. ಎಡಗಡೆ ಮೂರು ಸ್ವಂತದ್ದು, ಬಲಗಡೆ ಮೂರು ಕಡ ತಂದದ್ದು.

ಗಿಳಿಯಲ್ಲಿ ಕೈಕೊಟ್ಟ ಕಲೆ ಇಲ್ಲಿ ಯಾಕೋ ಕೈಹಿಡಿಯಿತು. ಬಲಗಡೆಯ ಮೂರೂ ಹುಬೇಹುಬ್ ಬಂದುಬಿಟ್ಟವು. ಝುವಾರಿನಗರದಿಂದ ಕೆಲಸಕ್ಕೆ ಬರುವ ಲಾಡಬಿ ಬೆಳಿಗ್ಗೆ ಕಸಬರಿಗೆ ಹಿಡಿದು ಹಾಲಿಗೆ ಬಂದವಳು ಹಾಗೇ ಹಿಂದೆ ಸರಿದಳು. ಮರುದಿನ ಬರುವಾಗ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ತಂದು ಚೌಕಟ್ಟಿಗೆ ಕಟ್ಟಿದಳು.

ರಾಯರಿಗೆ ಹಿಗ್ಗು. "ಚಿತ್ರಕ್ಕ ಮಂದಿ ದೃಷ್ಟಿ ಆಗಬಾರದಂತ ಕಟ್ಟಿದ್ಯೇನ ಲಾಡಬಿ?"

"ಇಲ್ರೀ ಸಾಹೇಬ್ರ. ಇದರ ದೃಷ್ಟಿ ಮಂದಿಗೆ ಆಗಬಾರದಂತ."

ಪರಮಣ್ಣ ಬಂದದ್ದು ಒಂದು ಶನಿವಾರದ ಸಂಜೆ. ಅವರು ಜೀಪನ್ನು ಗಾಂವಕರರ ಜಾಗದಲ್ಲಿ ನಿಲ್ಲಿಸಿದ್ದರಿಂದ ತಕರಾರು ಹೇಳಲು ಗಾಂವಕರರೂ ಹಿಂದೆಯೇ ಹತ್ತಿಬಂದರು. ಚಕ್ಕುಲಿಯ ತಾಟು ಇದ್ದಲ್ಲಿ ವಾಮನ ಇದ್ದೇ ಇರುತ್ತಿದ್ದ. ಮೂವರೂ ಒಟ್ಟಿಗೆ ಚಿತ್ರದ ಮುಂದೆ ನಿಂತರು. ಇದನ್ನು ರಾಯರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪರಮಣ್ಣ ಮೊದಲು ಎಡಗಡೆ ನೋಡಿದರು. ಕರುಣೆಯನ್ನು ನೋಡಿದರು, ಪಾಂಡಿತ್ಯವನ್ನು ನೋಡಿದರು, ತಾಳ್ಮೆಯನ್ನು ಹತ್ತಿರ ಹೋಗಿ ನೋಡಿದರು. "ಇವ್ರು ಮೂರು ಮಂದಿ ಯಾರ್ರಿ? ನಿಮ್ಮ ಆಫೀಸಿನವ್ರೇನು?"

ರಾಯರು ಉತ್ತರ ಕೊಡುವಷ್ಟರಲ್ಲಿ ಪರಮಣ್ಣನವರ ಕಣ್ಣು ಬಲಕ್ಕೆ ಹೊರಳಿತು. ಹೊಟ್ಟೆ ಕುಣಿಯುವಂತೆ ನಕ್ಕರು. "ಅಬಬಬಾ! ನಿಮ್ಮ ವಾಮನರಾಯ್ರು! ಏನ ಬಾಯಿ, ಏನ ನಾಲಗಿ! ಒಂದ ತುತ್ತಿಗೆ ಇಡೀ ಗೋವಾ ನುಂಗೋ ಹಂಗ ಅದಾರ ನೋಡ್ರಿ!"

ವಾಮನ ಚಿತ್ರವನ್ನು ನೋಡಿದ. ತನ್ನ ಮುಖ ತನಗೆ ಗುರುತು ಹತ್ತಲಿಲ್ಲ. "ಇದು ನಾನಲ್ಲ, ಯಾರೋ ಬಕಾಸುರ. ಆದ್ರ ಅಧ್ಯಕ್ಷರ, ಆ ಮ್ಯಾಲಿಂದು, ಹಲ್ಲು ಕಡಕೋತ ಕಣ್ಣು ಕೆಂಪು ಮಾಡೇದಲ್ಲ, ಅದು ನಿಮ್ಮದ ಅದರಿ. ಕಿವಿ ಮ್ಯಾಲಿನ ಕೂದಲಾ ಸೈತ ಬಿಟ್ಟಿಲ್ಲ ನಮ್ಮ ಭಾವಾ!"

ಗಾಂವಕರರು ಇಬ್ಬರ ಬೆನ್ನಿನ ನಡುವಿನಿಂದ ಇಣುಕಿ ಕಿಸಕ್ಕೆಂದರು. ಇಬ್ಬರೂ ಒಮ್ಮೆಲೇ ತಿರುಗಿ, ಕೆಳಗಿನ ಮೂಲೆಗೆ ಬೆರಳು ತೋರಿಸಿದರು. "ನೀವೂ ಅದೀರಲ್ರೀ ಅಲ್ಲೆ!"

ಹೀಗೆ ಯಾರಿಗೂ ತಮ್ಮದು ಕಾಣದೆ, ಎಲ್ಲರಿಗೂ ಉಳಿದವರದು ಕಂಡು, ಒಂದೇ ನಿಮಿಷದಲ್ಲಿ ಸತ್ಯ ಹೊರಬಿತ್ತು.

"ನನಗ ಸಿಟ್ಟು ಬರತೈತಿ ಅಂತ ಯಾರ ಹೇಳಿದ್ದು?" ಎಂದು ಪರಮಣ್ಣ ಗುಡುಗಿ ಟೀಪಾಯಿಗೆ ಗುದ್ದಿದ ರಭಸಕ್ಕೆ ಚಹಾದ ಕಪ್ಪುಗಳು ನೆಲಕ್ಕೆ ಹೋದವು. "ನಾನು ಆಸೆಬುರುಕ ಅಂತೇನು?" ಎಂದು ವಾಮನ ಬಾಯಿತುಂಬ ಚಕ್ಕುಲಿ ಇಟ್ಟುಕೊಂಡೇ ಅತ್ತ, ಬೀಳುತ್ತಿದ್ದ ತಾಟನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡ. ಗಾಂವಕರರ ದುಃಖವೇ ಬೇರೆ ತರಹದ್ದು. "ದೇವಾ ಸಾಯ್ಬಾ! ಅಧ್ಯಕ್ಷರ ಮುಖ ಅಷ್ಟು ದೊಡ್ಡದು ಬರದೀರಿ, ಈ ಬೆಳಗಾವಿಯವರದು ಸಹ ದೊಡ್ಡದು. ನನ್ನದು ಮಾತ್ರ ಮೂಲೆಯಲ್ಲಿ ಸಣ್ಣದು. ಕಿತ್ಯಾಕ್, ಯಾಕೆ? ನಾನು ಏನು ಕಡಿಮೆ?"

"ಸನ್ಮಾನ ಕ್ಯಾನ್ಸಲ್!" ಎಂದರು ಪರಮಣ್ಣ. "ಶಾಲು ಬೇಕೇನ ನಿಮಗ? ವಕೀಲರ ನೋಟೀಸ್ ಹೊಚ್ಚತೇನಿ, ತಡೀರಿ!"

ಶಾಲು ಹೆಗಲಿನಿಂದ ಜಾರಿಹೋಗುವುದನ್ನು ರಾಯರು ಕಣ್ಣಾರೆ ಕಂಡರು. ಕೈ ಮುಗಿದು ನಡುವೆ ಬಂದು ನಿಂತರು. "ತಪ್ಪು ತಿಳೀಬ್ಯಾಡ್ರಿ ಅಧ್ಯಕ್ಷರ. ಇದು ಆತ್ಮಚಿತ್ರ. ಇದರಾಗ ಇದ್ದದ್ದೆಲ್ಲಾ ನಾನ. ಸಿಟ್ಟು ನಂದು, ಲೋಭ ನಂದು, ಹೊಟ್ಟಿಕಿಚ್ಚೂ ನಂದ. ನಿಮಗ ಯಾರಿಗೂ ಏನೂ ಸಂಬಂಧಿಲ್ಲ."

"ನಿಮಗ ಸಿಟ್ಟು ಬರತೈತಿ?"

"ಭಾಳ ಬರತದರಿ."

"ಹೆಂಗ ನಂಬೂದು? ಒಂದ ಉದಾಹರಣಿ ಕೊಡ್ರಿ."

ರಾಯರು ಚಾವಣಿ ನೋಡಿದರು, ನೆಲ ನೋಡಿದರು. "ಹೋದ ವರ್ಷ... ಒಂದು ಸೊಳ್ಳಿ ಮ್ಯಾಲ ಸ್ವಲ್ಪ..."

"ನೋಡಿದ್ರ್ಯಾ! ಇವರಿಗೆ ಸಿಟ್ಟ ಇಲ್ಲ. ಆ ಸಿಟ್ಟು ನಂದ!" ಎಂದು ಪರಮಣ್ಣ ಬಾಗಿಲ ಕಡೆ ಹೊರಟರು.

ಆಗ ಅಡುಗೆಮನೆಯಿಂದ ಸೀತಾಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಗಂಡನಿಗೆ ಶಾಲಿನ ಮೇಲೆ ಎಷ್ಟು ಆಸೆಯೆಂಬುದು ಅವರೊಬ್ಬರಿಗೇ ಗೊತ್ತು. ಸ್ನಾನ ಮಾಡಿ ಬಂದು ಟವೆಲನ್ನು ಶಾಲಿನಂತೆ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಕೈ ಮುಗಿಯುವುದನ್ನು ಅವರು ಎಷ್ಟೋ ಸಲ ನೋಡಿದ್ದರು. ನೋಡಿ ಕರುಳು ಚುರ್ರೆಂದದ್ದೂ ಉಂಟು. ಆದ್ದರಿಂದ ಅವರು ಬಾಯಿ ತೆರೆದದ್ದು ಗಂಡನನ್ನು ಉಳಿಸುವುದಕ್ಕೇ ಎಂಬುದನ್ನು ಓದುಗರು ಮರೆಯಬಾರದು.

"ಕೂಡ್ರಿ ಅಣ್ಣಾವರ. ಇವರಿಗೆ ಸಿಟ್ಟು ಇಲ್ಲಂತ ಯಾರು ಹೇಳಿದ್ರು? ಈ ಮನ್ಯಾಗ ನೆಟ್ಟಗಿನ ಬಟ್ಟಲಾ ಒಂದಾರ ಅದ ಏನು ನೋಡಬರ್ರಿ ಬೇಕಾದ್ರ." ಅಷ್ಟಕ್ಕೆ ನಿಲ್ಲಿಸಿ, "ಲಾಡಬಿ, ಹೇಳವಾ" ಎಂದರು.

ಚೂರಾದ ಕಪ್ಪುಗಳನ್ನು ಬಳಿಯುತ್ತಿದ್ದ ಲಾಡಬಿ ತಲೆ ಎತ್ತಿದಳು. "ಸಿಟ್ಟೆಲ್ಲೈತ್ರೀ ಪಾಪ. ಚಾದಾಗ ಸಕ್ರಿ ಕಡಿಮಿ ಆದ್ರ ಕಪ್ಪು ತಾನ ಹೊರಗ ಹಾರತೈತಿ. ಮೊನ್ನಿ ಕೆಳಗ ನಮ್ಮ ಮನಿಯವ್ರ ಟೆಂಪೋ ಮ್ಯಾಲ ಬಿದ್ದು ಗಾಜು ಒಡೀತು. ಸಾಹೇಬ್ರು ಕಾಗಿ ಕೆಡವೇತಿ ಅಂದ್ರು. ನಾವೂ ಹೌದ್ರಿ ಅಂದ್ವಿ."

ಪರಮಣ್ಣ ಬಾಗಿಲಿಂದ ಹಿಂದಿರುಗಿ ಕುರ್ಚಿ ಎಳೆದುಕೊಂಡು ಕೂತರು. "ಹೂಂ. ಲೋಭ?"

ಲೋಭಕ್ಕೆ ವಾಮನ ಸಾಕ್ಷಿಯಾದ. ತನ್ನ ಮದುವೆಯ ಹಳೆಯ ಕಥೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದ. ಮತ್ಸರಕ್ಕೆ ಗಾಂವಕರರು ತಾವಾಗಿ ಮುಂದೆ ಬಂದರು. ಮಾತಿಗೆ ಮಾತು ಸೇರಿ, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಿ, ಸೀತಾಬಾಯಿ ಎರಡು ಸಲ ಅಡುಗೆಮನೆಗೆ ಹೋದವರು ಏನೋ ಹೊಳೆದು ಎರಡು ಸಲವೂ ಓಡಿಬಂದರು. ರಾಯರು ಮೊದಮೊದಲು "ಹೌದೌದು" ಎಂದು ಶಾಲಿನ ಆಸೆಗೆ ತಲೆಯಾಡಿಸಿದರು. ಆಮೇಲೆ "ಅಷ್ಟೇನೂ ಅಲ್ಲ" ಎಂದರು. ಕೊನೆಗೆ ಅವರ ಮಾತನ್ನು ಯಾರೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ನೆಂಟರು, ನೆರೆಯವರು, ಮನೆಯವರು ಇಷ್ಟು ಅನ್ಯೋನ್ಯವಾಗಿ ಕೂತು ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು.

ಎದ್ದು ನಿಂತಾಗ ಪರಮಣ್ಣನವರ ಮುಖ ತಣ್ಣಗಾಗಿತ್ತು. ರಾಯರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಖರೇ ಹೇಳತೇನಿ ರಾಯ್ರ, ನಿಮ್ಮ ಮ್ಯಾಲೆ ನನಗ ಇಷ್ಟು ಅಭಿಮಾನ ಹಿಂದೆಂದೂ ಇದ್ದಿದ್ದಿಲ್ಲ. ಶಾಲು ನಿಮ್ಮದ. ಖಾಯಂ."

"ಸನ್ಮಾನಪತ್ರ ನಾನು ಬರದ ಇಟ್ಟೇನ್ರಿ," ಎಂದು ರಾಯರು ಒಳಗೆ ಓಡಿದರು. 'ಹೇ ವರ್ಣಬ್ರಹ್ಮ' ಎಂದು ಶುರುವಾಗುವ ಪತ್ರ, ತರಗತಿಗೆ ಸೇರುವ ಮೊದಲೇ ತಯಾರಾಗಿತ್ತು.

ಪರಮಣ್ಣ ತಡೆದರು. "ತನ್ನ ಪತ್ರಾ ತಾನ ಬರಕೊಳ್ಳೂದು ಛಂದ ಕಾಣೂದಿಲ್ಲ. ಅದನ್ನ ಬಳಗದವ್ರು ನೋಡಕೊಂತೇವಿ. ನೀವು ಬರೇ ಹೆಗಲಾ ತಗೊಂಡ ಬರ್ರಿ."

ರಾಜ್ಯೋತ್ಸವದ ದಿನ ಸಭಾಭವನ ತುಂಬಿತ್ತು. ವಾಳಪೈ ಕಡೆಯಿಂದಲೂ ಜನ ಬಸ್ಸು ಮಾಡಿಕೊಂಡು ಬಂದಿದ್ದರು. ಲಾಡಬಿಯ ಗಂಡ ಮೈಬೂಬಸಾಬ ತನ್ನ ಟೆಂಪೋದಲ್ಲಿ ಚಿತ್ರವನ್ನು ಜೋಪಾನವಾಗಿ ತಂದು, ಗೆಳೆಯರನ್ನು ಕೂಡಿಸಿಕೊಂಡು ವೇದಿಕೆಯ ಮೇಲೆ ನಿಲ್ಲಿಸಿ, ಮೊದಲನೆಯ ಸಾಲಿನ ಕುರ್ಚಿ ಹಿಡಿದು ಕೂತಿದ್ದ. ಪರಮಣ್ಣ ರಾಯರ ತಲೆಗೆ ಪೇಟ ಇಟ್ಟರು. ಕೊರಳಿಗೆ ಗಂಧದ ಹಾರ ಬಿತ್ತು, ಮಡಿಲಿಗೆ ಹಣ್ಣಿನ ಬುಟ್ಟಿ ಬಂತು. ಆಮೇಲೆ ಶಾಲು! ಫೋಟೋದವನು ಮೂರು ಸಲ ತೆಗೆಸಿ ಮೂರು ಸಲ ಹೊದಿಸಿದ. ರಾಯರ ಕಣ್ಣು ಅರ್ಧ ಮುಚ್ಚಿಕೊಂಡವು. ಆ ಗಳಿಗೆಯಲ್ಲಿ ಯಾರಾದರೂ ನೋಡಿದ್ದರೆ, ಎಡಗಡೆಯ ಮೂರು ಮುಖಗಳಲ್ಲಿ ಒಂದಕ್ಕಾದರೂ ಸ್ವಲ್ಪ ಹೋಲಿಕೆ ಸಿಗುತ್ತಿತ್ತು.

ಪರಮಣ್ಣ ಕನ್ನಡಕ ಏರಿಸಿ ಸನ್ಮಾನಪತ್ರವನ್ನು ಓದತೊಡಗಿದರು.

"ಹೇ ಕ್ರೋಧಸಾಗರ! ಚಹಾದಲ್ಲಿ ಸಕ್ಕರೆ ಒಂದು ಹರಳು ಕಡಿಮೆಯಾದರೂ ಮೂರನೆಯ ಮಹಡಿಯಿಂದ ತಾವು ಕಪ್ಪನ್ನು ತೂರುವ ಭಂಗಿಯನ್ನು ಕಂಡು ಅರಬ್ಬೀ ಸಮುದ್ರವೇ ಎರಡು ಹೆಜ್ಜೆ ಹಿಂದೆ ಸರಿದಿದೆ!"

ಸಭೆಯಲ್ಲಿ ಚಪ್ಪಾಳೆ ಬಿತ್ತು. ರಾಯರ ಕಣ್ಣು ಪೂರ್ತಿ ತೆರೆದವು.

"ಹೇ ಲೋಭರತ್ನಾಕರ! ಭಾವಮೈದುನನ ಮದುವೆಯಲ್ಲಿ ತಾಂಬೂಲದ ತೆಂಗಿನಕಾಯಿಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ಕನ್ನಡಕ ತೆಗೆದು ಇನ್ನೊಮ್ಮೆ ಸ್ವೀಕರಿಸಿದ ಧೀಮಂತರು ತಾವು! ಹೇ ಮತ್ಸರಮಾರ್ತಾಂಡ! ನೆರೆಯವರ ಹೊಸ ಕಾರಿನ ಮೇಲೆ ಕಾಗೆ ಹಿಕ್ಕೆ ಹಾಕಿದ ಶುಭದಿನದಂದು ಮನೆಯಲ್ಲಿ ಶಾವಿಗೆ ಪಾಯಸ ಮಾಡಿಸಿ ಎರಡೆರಡು ಸಲ ಬಡಿಸಿಕೊಂಡ ರಸಿಕರು ತಾವು! ಇಂಥ ಗುಣಗಳನ್ನೆಲ್ಲ ಅಡಗಿಸಿಡದೆ ಬಣ್ಣದಲ್ಲಿ ಬರೆದು ಜಗತ್ತಿನ ಮುಂದಿಟ್ಟ ತಮ್ಮ ಎದೆಗಾರಿಕೆಗೆ ಬಳಗವು ತಲೆಬಾಗುತ್ತದೆ!"

ಭವನ ಬಿದ್ದುಹೋಗುವಂತೆ ಚಪ್ಪಾಳೆ, ಸಿಳ್ಳೆ. ದಾನಶೂರರಿಗೂ ದೀನಬಂಧುಗಳಿಗೂ ಇದರ ಕಾಲು ಭಾಗದಷ್ಟೂ ಬಿದ್ದಿರಲಿಲ್ಲ.

ರಾಯರು ಪರಮಣ್ಣನವರ ಕೈಯಿಂದ ಮೈಕು ಕಸಿದುಕೊಂಡರು. "ಯಾವ ಅಯೋಗ್ಯ ಬರದದ್ದು ಇದನ್ನ!"

ಎರಡನೆಯ ಸಾಲಿನಲ್ಲಿ ಇಳಕಲ್ ಸೀರೆಯುಟ್ಟ ಸೀತಾಬಾಯಿ ಎದ್ದು ನಿಂತರು. "ನಾನ ಬರದೇನ್ರಿ. ನೀವು ಮಂದಿಗೆ ಬರದದ್ದು ಓದಿ ಓದಿ ಕಲತೇನಿ. ಬರೋಬ್ಬರಿ ಬಂದಿಲ್ಲೇನು?"

ರಾಯರ ಹುಬ್ಬು ಗಂಟಿಕ್ಕಿತು. ಹಣೆಯ ನರ ಉಬ್ಬಿತು. ಹಲ್ಲು ಕಟಕಟನೆ ಕಡಿದರು. ಮಡಿಲಿನ ಬುಟ್ಟಿಯನ್ನು ಎತ್ತಿ ಬೀಸಿ ಒಗೆದರು. ಮೋಸಂಬಿ, ಸೇಬು, ಚಿಕ್ಕು ಸಭೆಯ ಮೇಲೆ ಸುರಿದವು. ವಾಮನ ಚೀಲ ಬಿಚ್ಚಿಕೊಂಡು ಕುರ್ಚಿಗಳ ಕೆಳಗೆ ನುಗ್ಗಿದ. ಗಾಂವಕರರು ಕುರ್ಚಿಯ ಮೇಲೆ ಹತ್ತಿ ನಿಂತು ಒಮ್ಮೆ ಚಿತ್ರದ ಕಡೆ, ಒಮ್ಮೆ ರಾಯರ ಕಡೆ ಕೈ ಮಾಡಿ ಕೂಗಿದರು: "ಪಳೆ ರೇ ಪಳೆ! ತೆಂಚ್ ತೋಂಡ! ಅದೇ ಮುಖ!"

ಇಡೀ ಸಭೆ ನೋಡಿತು. ಚಿತ್ರದಲ್ಲಿದ್ದ ಹುಬ್ಬೇ ಇಲ್ಲಿಯೂ ಇತ್ತು, ಅದೇ ಹಲ್ಲು, ಅದೇ ಕೆಂಪು ಕಣ್ಣು. ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ನಾ ಮೊದಲ ಹೇಳಿದ್ನಿಲ್ಲೋ, ಅದು ನಾನಲ್ಲಂತ!" ಎಂದು ಪರಮಣ್ಣ ಹಗುರಾಗಿ ಉಸಿರುಬಿಟ್ಟು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ರಾಯರು ಹಾರ ಕಿತ್ತೊಗೆದರು, ಪೇಟ ಒಗೆದರು. ಶಾಲನ್ನು ಮಾತ್ರ ಎದೆಗೆ ಬಿಗಿಯಾಗಿ ಒತ್ತಿಹಿಡಿದುಕೊಂಡು ವೇದಿಕೆ ಇಳಿದು ಹೋದರು. ಝುವಾರಿ ದಂಡೆ ಕನ್ನಡ ಬಳಗ ಹುಟ್ಟಿದಂದಿನಿಂದ ಎಷ್ಟೋ ದೊಡ್ಡವರಿಗೆ ಸನ್ಮಾನಪತ್ರ ಓದಿದೆ. ಆದರೆ ಮೊದಲಿನಿಂದ ಕೊನೆಯವರೆಗೆ ಒಂದು ಅಕ್ಷರವೂ ಸುಳ್ಳಿಲ್ಲದ ಪತ್ರ ಅದೊಂದೇ ಎಂದು ಬಳಗದವರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.